ಇಟ್ಟು ಹೋದವರ ಪೆಟ್ಟಿಗೆ

ರುದ್ರವ್ವನ ಮಂಚದ ಕೆಳಗೆ ಒಂದು ಕಾಲಕ್ಕೆ ಅರ್ಧ ಊರೇ ಇತ್ತು. ಸಿಂದಗಿ, ಇಂಡಿ ಕಡೆಯಿಂದ ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಬಂದವರು, ಮುಂಗಾರು ಬಿತ್ತನೆಗೆಂದು ಊರಿಗೆ ಹೊರಡುವಾಗ ತಮ್ಮ ತಗಡಿನ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ವಿಲೆ ಪಾರ್ಲೆಗೆ ಬರುತ್ತಿದ್ದರು. ಅವರಿದ್ದ ಶೆಡ್ಡಿಗೆ ಬಾಗಿಲೆಂದರೆ ಒಂದು ತಾಡಪತ್ರಿ. ರುದ್ರವ್ವನ ಮನೆ ಬಾಡಿಗೆಯದೇ, ನೆಲಮಹಡಿಯದೇ; ಆದರೂ ಬಾಗಿಲು ಕಟ್ಟಿಗೆಯದು, ಬಾಗಿಲಿಗೆ ಕೊಂಡಿ, ಕೊಂಡಿಗೆ ಬೀಗ. "ಯಾಯಿ, ಇದೊಂದು ಇರಲಿ" ಎಂದು ತಾಯಿಯ ಹತ್ತಿರ ಇಟ್ಟಂತೆ ಇಟ್ಟು, ಒಂದು ರೊಟ್ಟಿ ತಿಂದು ನೀರು ಕುಡಿದು ಹೋಗುತ್ತಿದ್ದರು. ಚೀಟಿಯಿಲ್ಲ, ಸಾಕ್ಷಿಯಿಲ್ಲ. ಒಳಗೇನಿದೆ ಎಂದು ಇಟ್ಟವರು ಹೇಳುತ್ತಿರಲಿಲ್ಲ, ಇಟ್ಟುಕೊಂಡವಳು ಕೇಳುತ್ತಿರಲಿಲ್ಲ.

ಬರಬರುತ್ತ ಪೆಟ್ಟಿಗೆಗಳು ಕಡಿಮೆಯಾದವು. ಕೆಲವರು ಸಾಮಾನನ್ನು ರಾತ್ರಿ ಬಸ್ಸಿಗೆ ಹಾಕಿ ಊರಿಗೇ ಕಳಿಸತೊಡಗಿದರು. ಕೆಲವು ಗುತ್ತಿಗೆದಾರರು ಕೆಲಸದ ಜಾಗದಲ್ಲೇ ಒಂದು ಕೋಣೆ ಕೊಟ್ಟರು. ಈ ವರ್ಷ ಮಂಚದ ಕೆಳಗೆ ಉಳಿದಿದ್ದು ಒಂದೇ, ಕಾಶವ್ವನದು. ಗಂಡ ಸತ್ತ ಮೇಲೆ ಅಂಧೇರಿ ಕಡೆ ಇಟ್ಟಿಗೆ ಹೊತ್ತುಕೊಂಡು ಮಗಳನ್ನು ಸಾಕಿದ ಹೆಂಗಸು. ತಿಂಗಳಿಗೊಮ್ಮೆ ಬಂದು, ಸೆರಗಿನ ಮರೆಯಲ್ಲಿ ಏನೋ ತೆಗೆದು ಪೆಟ್ಟಿಗೆಯೊಳಗೆ ಇಟ್ಟು, ಬೀಗ ಜಗ್ಗಿ ನೋಡಿ ಹೋಗುತ್ತಿದ್ದಳು. ಮಗಳು ಶಿವಕುಮಾರಿಯ ಮದುವೆ ದೀಪಾವಳಿ ಮುಗಿದ ಮೇಲೆ ಎಂದು ಗೊತ್ತಾಗಿತ್ತು.

ಮನೆಯಲ್ಲಿ ಐದು ಮಂದಿ. ರುದ್ರವ್ವ, ಫೋರ್ಟಿನ ಬ್ಯಾಂಕೊಂದರಲ್ಲಿ ಪಟ್ಟೆವಾಲ ಜವಾನನಾಗಿ ನಿವೃತ್ತನಾದ ಅವಳ ಗಂಡ ಶೆಟ್ಟೆಪ್ಪ, ವಿಮಾನ ನಿಲ್ದಾಣದ ಸರಕು ಆಫೀಸಿನಲ್ಲಿದ್ದ ಮಗ ಈಶ್ವರ, ದಾದರಿನ ಜವಳಿ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದ ಸೊಸೆ ಮಾಧುರಿ, ಎಂಟನೆಯ ಇಯತ್ತೆಯ ಮೊಮ್ಮಗಳು ರಾಧಿಕಾ.

ಬೇಸಿಗೆಯಲ್ಲಿ ಬಾಡಿಗೆಯ ಕರಾರು ಹೊಸದು ಮಾಡುವಾಗ ಈಶ್ವರ ಹೊಸ ಮಾತೊಂದು ಎತ್ತಿದ. ಹಿಂದಿನ ಮಳೆಗಾಲದಲ್ಲಿ ಪಕ್ಕದ ಬಿಲ್ಡಿಂಗಿನ ಕೆಳಗಿನ ಮನೆಗಳಿಗೆ ಗಟಾರದ ನೀರು ನುಗ್ಗಿದ್ದನ್ನು ಅವನು ಮರೆತಿರಲಿಲ್ಲ.

"ಗ್ವಾಡಿ ಮಾಲಕಂದು, ಬಿದ್ರ ಅಂವ ಕಟ್ಟಿಸ್ತಾನ. ಸಾಮಾನ ನಮ್ದು. ಮುಳುಗಿದ್ರ ಯಾರು ನೋಡ್ತಾರ?"

"ದೇವರು" ಎಂದ ಶೆಟ್ಟೆಪ್ಪ.

"ದೇವರಿಗೆ ಪ್ರೀಮಿಯಂ ಕಟ್ಟೇವೇನಪಾ?"

"ಸೋಮಾರಕ್ಕೊಮ್ಮೆ ಕಾಯಿ ಒಡಸ್ತೀನಲ್ಲೋ. ಒಂದು ಕಾಯಿ ಈಗ ಏನು ರೇಟು ಐತಿ, ಹೋಗಿ ಕೇಳು."

ಇನ್ಶೂರೆನ್ಸಿನ ಅಣ್ಣು ಶೆಟ್ಟಿಯನ್ನು ಕರೆಸಿದವನೂ ಶೆಟ್ಟೆಪ್ಪನೇ. ಅಣ್ಣು ಹಿಂದೆ ಫೋರ್ಟಿನ ಉಡುಪಿ ಹೋಟೆಲೊಂದರ ಗಲ್ಲೆಯ ಮೇಲೆ ಕೂರುತ್ತಿದ್ದವ. ಆ ಕಾಲದ ಗುರುತು. ಬಂದು ಕೂತು, ಫ್ರಿಜ್ಜು, ಟಿ.ವಿ., ವಾಷಿಂಗ್ ಮಷೀನು, ಕಪಾಟು ಎಲ್ಲ ನೋಡಿ, "ಎಲ್ಲ ಸೇರಿ ವರ್ಷಕ್ಕೆ ಮೂರು ಸಾವಿರದ ಹತ್ರ ಹತ್ರ ಆಗ್ತದೆ ಮಾರಾಯ್ರೆ" ಎಂದ.

ಮಾಧುರಿ ನಕ್ಕಳು. "ಅಣ್ಣು ಅವರ, ನಾ ದಾದರದಾಗ ಜವಳಿ ಅಂಗಡ್ಯಾಗ ಕೂಡಾಕಿ. ಮೊದಲ ಹೇಳಿದ ರೇಟಿಗೆ ಅಲ್ಲಿ ಕರವಸ್ತ್ರ ಸೈತ ಯಾರೂ ಒಯ್ಯಂಗಿಲ್ಲ."

"ಇದು ಅರಿವೆ ಅಲ್ಲ ಮೇಡಂ, ಪಾಲಿಸಿ."

"ಎರಡೂ ಅಳತಿ ಮ್ಯಾಲನ ಹೊಲಿಯೂದು. ಎಲ್ಲೆಲ್ಲಿ ಕತ್ತರಿ ಹಾಕಬಹುದು, ಅದನ್ನ ಹೇಳ್ರಿ."

ಕತ್ತರಿ ಬಿತ್ತು. ಬಂಗಾರವೆಲ್ಲ ಬ್ಯಾಂಕಿನ ಲಾಕರಿನಲ್ಲಿದೆ, ಅದನ್ನು ಬಿಡಿ. ನಷ್ಟದ ಮೊದಲ ಐದು ಸಾವಿರ ನಾವೇ ನೋಡಿಕೊಳ್ಳುತ್ತೇವೆ, ಅದಕ್ಕೊಂದಿಷ್ಟು ಇಳಿಸಿ. ಹಳೆಯ ಸೋಫಾದ ಹೆಸರು ತೆಗೆಯಿರಿ, ಅದು ಮುಳುಗಿದರೆ ಪುಣ್ಯ. ಮೂರು ಸಾವಿರದ್ದು ಎರಡಕ್ಕೂ ಕೆಳಗೆ ಬಂತು. ಈಶ್ವರ ಹೆಂಡತಿಯ ಕಡೆ ಹೆಮ್ಮೆಯಿಂದ ನೋಡಿದ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ರುದ್ರವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಅಣ್ಣಪ್ಪಾ, ಆ ಕಾಶವ್ವನ ಪೆಟ್ಟಿಗಿನೂ ಇದರಾಗ ಬಂತೇನು?"

"ಇಲ್ಲ ಅಮ್ಮ. ಬೇರೆಯವರು ನಂಬಿ ಇಟ್ಟದ್ದು ಇದರಲ್ಲಿ ಬರೂದಿಲ್ಲ. ಬೇಕಿದ್ರೆ ಬೇರೆ ಬರೆಸಬೇಕು. ಐನೂರು ಜಾಸ್ತಿ. ಮತ್ತೆ ಒಳಗೆ ಏನೇನು ಉಂಟು ಅಂತ ಹೇಳಬೇಕು."

"ಪೆಟ್ಟಿಗಿ ಬಿಚ್ಚಿ ನೋಡೂದಾ? ಇಟ್ಟಾಕಿ ಇಲ್ಲದಾಗ?" ರುದ್ರವ್ವ ಕೆನ್ನೆಗೆ ಕೈ ಹಚ್ಚಿಕೊಂಡಳು, ಕೆನ್ನೆಗೂ ಹಿಟ್ಟಾಯಿತು. "ಅದು ಆಗದ ಮಾತು. ಮಾಧುರಿ, ಕಾಶವ್ವಗ ಒಂದು ಫೋನ್ ಹಚ್ಚಿ ಅಕೀನ್ನ ಕೇಳಿ ಬರಸವಾ. ಊರ ಮಂದಿ ಸಾಮಾನ ನಮ್ಮ ಸಾಮಾನಕಿಂತ ಜ್ವಾಕಿ ಮಾಡಬೇಕು."

ಕೈ ತೊಳೆದು, ಸೊಂಟದ ಸಂಚಿ ಬಿಚ್ಚಿ, ಎಲೆ ಅಡಿಕೆಯ ವಾಸನೆ ಹತ್ತಿದ ಐನೂರರ ನೋಟೊಂದನ್ನು ಸೊಸೆಯ ಕೈಗಿಟ್ಟಳು. "ಇದು ನನ್ನ ಲೆಕ್ಕ. ಮನಿ ಖರ್ಚಿನಾಗ ಹಿಡೀಬ್ಯಾಡ."

ಮರುದಿನ ಅಂಗಡಿಯಲ್ಲಿ ಮದುವೆ ಜವಳಿಯ ಗಿರಾಕಿಗಳ ಗದ್ದಲ. ಅಣ್ಣು ಫೋನ್ ಮಾಡಿ, "ಅಮ್ಮನ ಆ ಪೆಟ್ಟಿಗೆದ್ದು ಸೇರಿಸೂದಾ ಮೇಡಂ? ಏನೇನು ಉಂಟಂತೆ?" ಎಂದ. ಮಾಧುರಿ ಇನ್ನೂ ಕಾಶವ್ವನನ್ನು ಕೇಳಿರಲಿಲ್ಲ. ಒಂದು ಕೈಯಲ್ಲಿ ಬಿಲ್ ಪುಸ್ತಕ, ಇನ್ನೊಂದರಲ್ಲಿ ಫೋನು.

"ಬ್ಯಾಡ ಬಿಡ್ರಿ. ಹಳೆ ಅರಿವಿ ಇರ್ತಾವು, ಮತ್ತೇನು. ನಮ್ದಷ್ಟ ಮಾಡಿ ಮುಗಸ್ರಿ."

ಸಂಜೆ ದಾದರ್ ಸ್ಟೇಷನ್ನಿನ ಹೊರಗೆ ರಾಧಿಕಾಳಿಗೆ ಮಳೆಗಾಲದ ಚಪ್ಪಲಿ ಕೊಂಡಳು. ಪರ್ಸು ತೆಗೆದಾಗ ಕೈಗೆ ಬಂದದ್ದು ಆ ಎಲೆ ಅಡಿಕೆಯ ವಾಸನೆಯ ನೋಟೇ. ನಾಳೆ ಬೇರೆ ಇಟ್ಟರಾಯಿತು ಎಂದುಕೊಂಡಳು.

"ಬರಸಿದೇನವಾ?" ಎಂದು ರುದ್ರವ್ವ ಊಟಕ್ಕೆ ಬಡಿಸುತ್ತ ಕೇಳಿದಳು.

"ಹ್ಞೂನ್ರಿ ಅತ್ತಿ."

ಅಷ್ಟೇ ಮಾತು. ಪಲ್ಯಕ್ಕೆ ಉಪ್ಪು ಸಾಕೋ ಎಂದು ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ.

ಜೂನಿನಲ್ಲಿ ಕಾಶವ್ವ ಊರಿಗೆ ಹೋದಳು. ಪಂಚಮಿ ಹಬ್ಬ ಮುಗಿಸಿ ಬರುವವಳು. ಹೋಗುವ ಮುಂಚೆ ಪೆಟ್ಟಿಗೆಯ ಮೇಲೆ ಕೈಯಾಡಿಸಿ, "ಯಾಯಿ, ಹೊಂಟೆ" ಎಂದಳು. ಹೇಳಿದ್ದು ರುದ್ರವ್ವನಿಗೋ ಪೆಟ್ಟಿಗೆಗೋ ಎಂದು ಶೆಟ್ಟೆಪ್ಪ ಚೇಷ್ಟೆ ಮಾಡಿದ.

ಜುಲೈನಲ್ಲಿ ಮಳೆ ಹಿಡಿದುಕೊಂಡಿತು. ಆ ದಿನ ಮುದುಕರಿಬ್ಬರೂ ಬೀಗರ ಮನೆಯ ವಾಸ್ತುಶಾಂತಿಗೆಂದು ಡೊಂಬಿವಲಿಗೆ ಹೋಗಿದ್ದರು. ಲೋಕಲ್ ನಿಂತು ಅಲ್ಲಿಯೇ ಉಳಿದರು. ಈಶ್ವರ ಆಫೀಸಿನಲ್ಲಿ ಸಿಕ್ಕಿಬಿದ್ದ. ಅಂಗಡಿಗೆ ರಜೆ, ಶಾಲೆಗೂ ರಜೆ. ಮಧ್ಯಾಹ್ನ ಅನ್ನಕ್ಕಿಟ್ಟು ತಿರುಗಿ ನೋಡುವಷ್ಟರಲ್ಲಿ ರಾಧಿಕಾ ಕೂಗಿದಳು.

"ಮಮ್ಮಿ, ಪಾನಿ ಅಂದರ್ ಆ ರಹಾ ಹೈ!"

ಹೊಸ್ತಿಲ ಮೇಲಿಂದ ಕಪ್ಪು ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ಬಚ್ಚಲ ಮೋರಿಯಿಂದಲೂ ಏರುತ್ತಿತ್ತು. ಮಾಧುರಿ ಟಿ.ವಿ. ಬಿಚ್ಚಿ ಅಡುಗೆ ಕಟ್ಟೆಯ ಮೇಲೆ ಇಟ್ಟಳು. ಮಿಕ್ಸರು, ಗಂಡನ ಲ್ಯಾಪ್‌ಟಾಪು, ಕರಾರಿನ ಕಾಗದ, ಅಕ್ಕಿಯ ಡಬ್ಬಿ, ಜೋಳದ ಚೀಲ. ಕಪಾಟಿನ ಕೆಳಗಿನ ಖಾನೆಯಿಂದ ತನ್ನ ಸೀರೆಗಳು. ಒಂದೊಂದು ಎತ್ತುವಾಗಲೂ ನೀರು ಒಂದೊಂದು ಬೆರಳು ಏರುತ್ತಿತ್ತು.

"ಮಮ್ಮಿ, ಅಜ್ಜಿದು ಪೆಟ್ಟಿಗಿ?"

"ತಡಿ, ಆಮ್ಯಾಲ."

ಕರೆಂಟು ಹೋಯಿತು. ನೀರು ಮೊಣಕಾಲು ದಾಟಿತು. ಮೇಲಿನ ಮನೆಯ ವಾರಿಜಾ ಮೆಟ್ಟಿಲಲ್ಲಿ ನಿಂತು, "ಮಗುವನ್ನು ಕರ್ಕೊಂಡು ಮೇಲೆ ಬನ್ನಿ, ಸಾಮಾನು ಹಾಳಾಗಿ ಹೋಗ್ಲಿ!" ಎಂದು ಕೂಗಿದಳು. ಹೊರಡುವಾಗ ಮಾಧುರಿ ಒಮ್ಮೆ ತಿರುಗಿ ನೋಡಿದಳು. ಅರ್ಧ ಮುಳುಗಿದ ಪೆಟ್ಟಿಗೆ ಮಂಚದ ಕಾಲಿಗೆ ಡಬ್, ಡಬ್ ಎಂದು ಬಡಿಯುತ್ತಿತ್ತು. 'ಅದಕ್ಕ ಇನ್ಶೂರೆನ್ಸ್ ಐತಿ' ಎಂದು ಒಂದು ಗಳಿಗೆ ಅನಿಸಿತು. ಅತ್ತೆಗೆ ಹೇಳಿದ ಸುಳ್ಳನ್ನು ಅವಳೇ ನಂಬಿಬಿಟ್ಟಿದ್ದಳು. ಮೆಟ್ಟಿಲು ಹತ್ತುವಾಗ ನಿಜ ನೆನಪಾಯಿತು. ರಾಧಿಕಾಳ ಕೈ ಹಿಡಿದು ಹತ್ತಿಯೇ ಹತ್ತಿದಳು.

ಮರುದಿನ ನೀರಿಳಿದ ಮನೆಯಲ್ಲಿ ಎಲ್ಲರೂ ಸೇರಿದರು. ಕೆಸರು ಬಳಿಯುತ್ತ ಬಳಿಯುತ್ತ ರುದ್ರವ್ವ ಮೊದಲು ಹೋದದ್ದು ಮಂಚದ ಕಡೆಗೆ. ಪೆಟ್ಟಿಗೆಯ ಸಂದಿಯಿಂದ ನೀರು ಸೋರುತ್ತಿತ್ತು. ಈಶ್ವರ ಸುತ್ತಿಗೆ ತಂದ.

"ಮುಟ್ಟಬ್ಯಾಡ" ಎಂದಳು ರುದ್ರವ್ವ. "ಅಕಿ ಬಾಯಿಂದ ಬಿಚ್ಚರಿ ಅನ್ನೋತನಕ ಬೀಗ ಮುಟ್ಟೂದಲ್ಲ."

"ಅವ್ವಾ, ಒಳಗ ಕೊಳೀತಾವು."

"ಕೊಳೀಲಿ. ಇಟ್ಟವರು ಇಲ್ಲದಾಗ ಬಿಚ್ಚಿದ ಮನಿ ಅಂತ ಅನಿಸ್ಕೊಳ್ಳೂದು ಅದಕಿಂತ ಹೊಲಸು."

ಕಾಶವ್ವನ ಫೋನು ಹತ್ತಲಿಲ್ಲ. ಊರಲ್ಲಿ ಹೊಲಕ್ಕೆ ಹೋದವಳು, ಫೋನು ಮನೆಯಲ್ಲಿ. ಮರುದಿನವೂ ಅಷ್ಟೇ. ಪೆಟ್ಟಿಗೆಯಿಂದ ಹುಳಿ ವಾಸನೆ ಏಳತೊಡಗಿತು. ಶೆಟ್ಟೆಪ್ಪ ಊಟದ ತಾಟು ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಕೂತ. ಮಾಧುರಿ ಹಿಂದೆಯೇ ಹೋಗಿ, "ಮಾವಾರ, ನೀವರ ಹೇಳ್ರಿ" ಎಂದಳು.

"ಹೇಳಿ ನಲವತ್ತು ವರ್ಷ ಆತು ಯವ್ವಾ. ಯಾವಾಗ ಕೇಳ್ಯಾಳ?"

ಅಂತೂ ಫೋನು ಹತ್ತಿತು. ರುದ್ರವ್ವ ಸ್ಪೀಕರ್ ಹಾಕಿಸಿ, ಎಲ್ಲರೂ ಕೇಳುವಂತೆ ಮಾತಾಡಿದಳು. ಆ ಕಡೆ ಕಾಶವ್ವನ ಹಿಂದೆ ಎಮ್ಮೆ ಕೂಗುವುದು ಕೇಳುತ್ತಿತ್ತು.

"ಕೌದಿ ಐತ್ಯಾಯಿ ಅದರಾಗ" ಎಂದಳು ಅವಳು. "ಬೀಗ ಒಡೀರಿ."

"ಹೆದರಬ್ಯಾಡ. ನಾ ಮೊದಲಽ ಕಂಪನಿಗೆ ರೊಕ್ಕ ಕಟ್ಟಿಸೀನಿ ನಿನ್ನ ಪೆಟ್ಟಿಗಿಗೆ. ಪೈ ಪೈ ಕೊಡ್ತಾರ. ಕೇಳು ಬೇಕಾರ, ಮಾಧುರಿ ಇಲ್ಲೇ ಅದಾಳ."

"ಹೌದನ್ರಿ ಅಕ್ಕಾರ?" ಎಂದಿತು ಫೋನು.

ಎಲ್ಲರೂ ಮಾಧುರಿಯ ಕಡೆ ನೋಡುತ್ತಿದ್ದರು. "ಹ್ಞೂ ಕಾಶವ್ವ" ಎಂದಳು.

ಬೀಗ ಒಡೆದರು. ಎರಡು ಇಳಕಲ್ ಸೀರೆ, ಒಂದು ರೇಷ್ಮೆಯದು, ಕುಬಸದ ಕಣಗಳು, ಅಳಿಯನಿಗೆಂದು ಒಂದು ಜೋಡಿ ಧೋತರ, ಬೆಳ್ಳಿಯ ಕಾಲ್ಗೆಜ್ಜೆ. ತಳದಲ್ಲಿ ಕೌದಿ. ಕಾಶವ್ವನ ತಾಯಿಯ, ಅತ್ತೆಯ ಹಳೆ ಸೀರೆಗಳ ತುಂಡು ಕೂಡಿಸಿ, ಸಂಜೆ ಸಂಜೆ ಶೆಡ್ಡಿನಲ್ಲಿ ಕೂತು ಹೊಲಿದದ್ದು. ಒಂದೊಂದು ಟಾಕು ಜೋಳದ ಕಾಳಿನಷ್ಟು. ಕೆಂಪು ಹಸಿರಿಗೆ ಇಳಿದು, ಹಸಿರು ರೇಷ್ಮೆಗೆ ಇಳಿದು, ಎಲ್ಲ ಒಂದೇ ಗಟಾರದ ಬಣ್ಣ. ರುದ್ರವ್ವ ಅದನ್ನು ಮೂರು ನೀರಿನಲ್ಲಿ ತೊಳೆದು ಹಗ್ಗದ ಮೇಲೆ ಹಾಕಿದಳು. ಒಣಗಿದ ಮೇಲೆ ಜಗ್ಗಿದಲ್ಲೆಲ್ಲ ಪಿಸಿಯಿತು.

ಕಂಪನಿಯವ ನಷ್ಟ ನೋಡಲು ಬರುವ ದಿನ ರುದ್ರವ್ವ ಆ ಸೀರೆಗಳನ್ನು, ಕೌದಿಯನ್ನು ಹಗ್ಗದ ಮೇಲೆ ಸಾಲಾಗಿ ಹರವಿ ಸಜ್ಜಾದಳು. ಮಾಧುರಿ ಅತ್ತೆಯನ್ನು ಹೇಗಾದರೂ ಹೊರಗೆ ಕಳಿಸಬೇಕಾಯಿತು.

"ಅತ್ತಿ, ಗುಡಿಗೆ ಹೋಗಿ ಬರ್ರಿ. ಇವತ್ತ ಸೋಮಾರ. ಅಂವ ಹಿಂದಿ ಮಾತಾಡ್ತಾನ, ನಾ ಎಲ್ಲಾ ತೋರಸ್ತೀನಿ."

"ಕೌದಿ ಮರೀಬ್ಯಾಡ. ಕೈ ಹೊಲಿಗಿ ಅಂತ ಹೇಳು."

"ಹೇಳ್ತೀನ್ರಿ."

ಬಂದವನು ಫ್ರಿಜ್ಜು, ಮಷೀನು, ಕಪಾಟುಗಳ ಫೋಟೋ ತೆಗೆದ. ಹಗ್ಗದ ಕಡೆ ಬೆರಳು ಮಾಡಿ, "ಯೇ ಕಿಸ್ಕಾ ಹೈ?" ಎಂದ. "ಪಡೋಸಿ ಕಾ" ಎಂದು ಪಕ್ಕದ ಮನೆಯವರ ಮೇಲೆ ಹಾಕಿದಳು ಮಾಧುರಿ. ಜೊತೆಗೆ ಬಂದಿದ್ದ ಅಣ್ಣು ಹೋಗುವಾಗ ಮೆಟ್ಟಿಲ ಬಳಿ ನಿಂತ.

"ಮೇಡಂ, ನಾನು ಆವತ್ತು ಕೇಳಿದ್ದೆ ಅಲ್ವಾ?"

"ಕೇಳಿದ್ರಿ. ಅತ್ತಿ ಮುಂದ ಮಾತ್ರ ಹೇಳಬ್ಯಾಡ್ರಿ ಅಣ್ಣು ಅವರ."

"ನಾನು ಯಾಕೆ ಹೇಳ್ಲಿ? ಆದ್ರೆ ಅಮ್ಮ ನನಗೆ ಫೋನ್ ಮಾಡಿ 'ನಿನ್ನ ಮಕ್ಳು ಚೆನ್ನಾಗಿರ್ಲಿ' ಅಂದ್ರು ಮಾರಾಯ್ರೆ. ನನಗೆ ಊಟ ಸೇರ್ಲಿಲ್ಲ."

ಆ ಸಂಜೆ ಈಶ್ವರನಿಗೆ ಹೇಳಲೇಬೇಕಾಯಿತು. ಹಾಲು ತರುವ ನೆಪದಲ್ಲಿ ಅವನ ಜೊತೆ ಹೊರಟು, ಸ್ಟೇಷನ್ ರೋಡಿನ ಗದ್ದಲದಲ್ಲಿ ಹೇಳಿದಳು. ಅವನು ನಡೆಯುತ್ತಿದ್ದವ ನಿಂತ.

"ಐನೂರು ರೂಪಾಯಿ! ನಮ್ಮವ್ವನ ಸಂಚಿಯೊಳಗಿನ ಐನೂರು!"

"ಚಿಲ್ಲರ ಸೇರಿ ಖರ್ಚಾತು. ಇಡಬೇಕು ಅಂದ್ಕೊಂಡಿದ್ನಿ."

"ಮತ್ತ ಪೆಟ್ಟಿಗಿ ಯಾಕ ಎತ್ತಿಡಲಿಲ್ಲ?"

ಹಾಲಿನ ಅಂಗಡಿಯವ "ಕಿತನಾ?" ಎಂದು ಎರಡು ಸಲ ಕೇಳಿದ. ಮಾಧುರಿ ಚೀಲ ಮುಂದೆ ಚಾಚಿ, "ಏಕ್ ಲೀಟರ್" ಎಂದಳು.

ವಾಪಸು ಬರುವಾಗ ಈಶ್ವರನೇ ದಾರಿ ಹುಡುಕಿದ. ಕಂಪನಿ ಕೊಡುವ ಹಣದಲ್ಲಿ ಮಷೀನಿನ ರಿಪೇರಿ ತೆಗೆದು ಉಳಿದದ್ದನ್ನೆಲ್ಲ ಕಾಶವ್ವನ ಕೈಗೆ ಕೊಡುವುದು. ಕಂಪನಿ ಕೊಟ್ಟಿತು ಎನ್ನುವುದು. ಫ್ರಿಜ್ಜನ್ನು ಮುಂದೆ ಯಾವಾಗಲಾದರೂ ನೋಡುವುದು.

"ಅಕೀಗೂ ರೊಕ್ಕ ಮುಟ್ತು, ಅವ್ವನ ಮಾತೂ ಉಳೀತು" ಎಂದ. "ಇದು ಇಬ್ಬರಾಗ ಇರಲಿ."

ಫ್ರಿಜ್ಜಿಲ್ಲದ ಮನೆ ನಡೆಯತೊಡಗಿತು. ಹಾಲು ಎರಡು ಹೊತ್ತು ತರಬೇಕು. ಮಜ್ಜಿಗೆ ಮಧ್ಯಾಹ್ನಕ್ಕೇ ಹುಳಿ. ನಿನ್ನೆಯ ಸಾರು ಇವತ್ತಿಗಿಲ್ಲ. ಮಾಧುರಿ ನಸುಕಿನಲ್ಲೆದ್ದು ಎರಡು ಹೊತ್ತಿನದನ್ನೂ ಬೇರೆ ಬೇರೆ ಮಾಡಿ ಲೋಕಲ್ ಹಿಡಿಯುತ್ತಿದ್ದಳು.

"ಕಂಪನಿ ರೊಕ್ಕ ಬಂತಲ್ಲ, ಫ್ರಿಜ್ ಯಾಕ ಬರವಲ್ದು?" ಎನ್ನುತ್ತಿದ್ದ ಶೆಟ್ಟೆಪ್ಪ.

"ದೀಪಾವಳಿ ಸೇಲ್ ಬರ್ಲಿ ಅಪ್ಪಾ" ಎನ್ನುತ್ತಿದ್ದ ಈಶ್ವರ.

"ಅಲ್ಲೀತನಕ ಈ ಮಜ್ಜಿಗಿ ಕುಡದು ನನ್ನ ಮೀಸಿನೂ ಹುಳಿ ಆಗ್ತಾವು."

"ದಾದೂ, ಛೀ, ಗ್ರೋಸ್!" ಎಂದು ರಾಧಿಕಾ ನಗುತ್ತಿದ್ದಳು. ಮಾಧುರಿ ನಗುತ್ತಿರಲಿಲ್ಲ. ರುದ್ರವ್ವ ಮಾತ್ರ ಸೊಸೆಯ ತಾಟಿಗೆ ಒಂದು ಚಮಚ ತುಪ್ಪ ಹೆಚ್ಚು ಹಾಕುತ್ತಿದ್ದಳು. "ಉಣ್ಣವಾ. ನಿನ್ನ ಹಸ್ತದಿಂದ ಆ ಬಡವಿ ಪೆಟ್ಟಿಗಿ ಉಳೀತು." ಮಾಧುರಿ ಆ ತುಪ್ಪದ ಅನ್ನವನ್ನು ಮಗಳ ತಾಟಿಗೆ ಸರಿಸುತ್ತಿದ್ದಳು.

ಪಂಚಮಿ ಮುಗಿಸಿ ಕಾಶವ್ವ ಬಂದಳು. ಅಳ್ಳಿಟ್ಟು, ಎಳ್ಳುಂಡೆ ಕಟ್ಟಿಕೊಂಡು ಬಂದಿದ್ದಳು. ಮಡಚಿಟ್ಟ ಕೌದಿಯನ್ನು ತೊಡೆಯ ಮೇಲೆ ಬಿಚ್ಚಿ, ಒಂದೊಂದು ತುಂಡಿನ ಮೇಲೆ ಬೆರಳಿಟ್ಟು, "ಇದು ನಮ್ಮವ್ವಂದು, ಇದು ನಮ್ಮತ್ತೀದು" ಎಂದು ಹೇಳಿದಳು. ಬಣ್ಣ ಕಲೆಸಿ ಹೋದದ್ದರಲ್ಲಿ ಅವಳಿಗೆ ಹೇಗೆ ಗುರುತು ಸಿಕ್ಕಿತೋ. ಮಾಧುರಿ ಲಕೋಟೆ ಕೊಟ್ಟಳು. ಹದಿನೆಂಟು ಸಾವಿರ. ಕಾಶವ್ವ ಎಣಿಸಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಳು.

"ಇಷ್ಟ ಕೊಟ್ರ್ಯಾ? ನನ್ನ ಸಾಮಾನ ಇಷ್ಟರದು ಇರಲಿಲ್ರಿ ಅಕ್ಕಾರ."

"ಕೈ ಹೊಲಿಗಿ ಅಂತ ಹೇಳಸಿದ್ನಿ" ಎಂದಳು ರುದ್ರವ್ವ.

ಕಾಶವ್ವ ತಟ್ಟನೆ ಬಾಗಿ ಮಾಧುರಿಯ ಪಾದ ಮುಟ್ಟಿದಳು. ಮಾಧುರಿ ಕಾಲು ಎಳೆದುಕೊಳ್ಳುವಷ್ಟರಲ್ಲಿ ಮುಟ್ಟಿಯಾಗಿತ್ತು. ಆಮೇಲೆ ಬಚ್ಚಲ ಮೋರಿಗೆ ಹೋಗಿ, ಯಾಕೆಂದು ಗೊತ್ತಿಲ್ಲದೆ, ಕಾಲು ತೊಳೆದುಕೊಂಡಳು.

ಗಣಪತಿ ಕಳಿಸಿದ ಮೇಲಿನ ರವಿವಾರ. ಬೆಳಿಗ್ಗೆಯೇ ಬಾಗಿಲಲ್ಲಿ ಬಳೆಗಳ ಸದ್ದು. ಮುಂದೆ ಕಾಶವ್ವ, ತಲೆಯ ಮೇಲೆ ಹೊಸ ಪೆಟ್ಟಿಗೆ. ಹಿಂದೆ ಇನ್ನೂ ನಾಲ್ಕು ಹೆಂಗಸರು, ಅವರ ತಲೆಯ ಮೇಲೂ ಪೆಟ್ಟಿಗೆ, ಗಂಟು. ಕಾಶವ್ವನ ಸುದ್ದಿ ಅಂಧೇರಿಯ ಶೆಡ್ಡುಗಳನ್ನೆಲ್ಲ ಸುತ್ತಿ ಬಂದಿತ್ತು: ರುದ್ರವ್ವಾಯಿಯ ಮನೆಯಲ್ಲಿಟ್ಟರೆ ಮುಳುಗಿದರೂ ಬರುತ್ತದೆ, ಅಲ್ಲಿ ಕಂಪನಿ ಇದೆ.

ರುದ್ರವ್ವನ ಮುಖ ನೋಡಬೇಕಿತ್ತು. ಎಷ್ಟೋ ವರ್ಷದ ಮೇಲೆ ಅವಳ ಮಂಚದ ಕೆಳಗೆ ಜಾಗ ಸಾಲದಾಗಿತ್ತು. ಜಮಖಾನೆ ಹಾಸಿದಳು. ಚಹಕ್ಕಿಟ್ಟಳು. ಎಲ್ಲರಿಗೂ ಆಗುವಷ್ಟು ಜೋಳದ ಹಿಟ್ಟಿಗೆ ಎಸರು ಹುಯ್ದು ನಾದಿಟ್ಟು, "ಉಂಡ ಹೋಗೂದು, ಈಗ ಹೇಳೇನಿ" ಎಂದಳು.

ಚಹ ಕುಡಿದು ಹೆಂಗಸರು ಸೆರಗಿನ ಗಂಟು ಬಿಚ್ಚಿದರು. ಒಬ್ಬೊಬ್ಬರಿಂದ ಐನೂರು. ರುದ್ರವ್ವ ಕೂಡಿಸಿ ಸೊಸೆಯ ಕೈಗಿಟ್ಟಳು.

"ಹ್ವಾದ ಸಲ ಕಟ್ಟಿದ್ದಿ ಅಲ್ಲ, ಹಂಗ ಅಣ್ಣುಗ ಕೊಟ್ಟುಬಿಡವಾ. ಈ ಸಲ ಪಟ್ಟಿನೂ ಸಲೀಸು. ಅವರಽ ಮುಂದ ಕೂತು ಹೇಳ್ತಾರ."

ಬೆವರಿಗೆ ಮೆತ್ತಗಾದ ನೋಟುಗಳು. ಮಾಧುರಿ ಒಳಗೆ ಹೋದಳು. ಈಶ್ವರ ಬಾಗಿಲ ಮರೆಯಲ್ಲೇ ಇದ್ದ.

"ಇಸ್ಕೊಂಡು ಸುಮ್ಮಿರು" ಎಂದ ಪಿಸುಮಾತಿನಲ್ಲಿ. "ಈ ಸಲ ಖರೇನ ಕಟ್ಟೋಣ. ಹಳೇದೆಲ್ಲ ಕೆದರೂದು ಯಾಕ?"

ಅದು ಸರಿಯೇ ಅನಿಸಿತು. ನಾಳೆಯೇ ಕಟ್ಟಬಹುದು. ಮಾಧುರಿ ನೋಟುಗಳನ್ನು ಮಡಚಿಕೊಂಡೇ ಹೊರಗೆ ಬಂದಳು. ಆಗ ಮೂಲೆಯಲ್ಲಿ ಕೂತಿದ್ದ ಎಳೆ ವಯಸ್ಸಿನ ಹೆಂಗಸೊಬ್ಬಳು ಕೊರಳಿಗೆ ಕೈ ಹಾಕಿ ಬೋರಮಾಳ ತೆಗೆದಳು. ಶೆಡ್ಡಿನಲ್ಲಿ ಕೊರಳಲ್ಲಿದ್ದದ್ದೂ ಉಳಿಯುವುದಿಲ್ಲವಂತೆ.

"ಅಕ್ಕಾರ, ಇದನ್ನೂ ಇಡ್ತೀನ್ರಿ. ಕಾಶವ್ವಗ ಕೊಟ್ಟಾಂಗ ನನಗೂ ಕೊಡ್ತಾರಲ್ಲ, ಏನರ ಆದ್ರ?"

ಸರದ ಗುಂಡುಗಳು ಅವಳ ಅಂಗೈಯಲ್ಲಿ ಕೂತಿದ್ದವು. ಐನೂರರ ಪಾಲಿಸಿಯಲ್ಲಿ ಬಂಗಾರ ಬರುವುದಿಲ್ಲ. ಬಂಗಾರವನ್ನು ಮೊದಲು ಕತ್ತರಿಸಿದವಳು ತಾನೇ.

"ಇಡಬ್ಯಾಡವಾ" ಎಂದಳು ಮಾಧುರಿ. "ಕೊರಳಾಗ ಹಾಕ್ಕೋ. ಕಾಶವ್ವಗ ಕಂಪನಿ ಒಂದು ಪೈಸಾ ಕೊಟ್ಟಿಲ್ಲ. ಅತ್ತಿ ಕೊಟ್ಟ ಐನೂರು ನಾ ಕಟ್ಟಿರಲೇ ಇಲ್ಲ."

ರುದ್ರವ್ವ ಚಹದ ಕಪ್ಪು ಬಸಿ ಕೂಡಿಸುತ್ತಿದ್ದವಳು ಹಾಗೇ ನಿಂತಳು. "ಏನಂದಿ?"

"ಕಟ್ಟೀನಿ ಅಂತ ನಿಮಗ ಸುಳ್ಳು ಹೇಳಿದ್ನಿ ಅತ್ತಿ. ರಾಧಿಕಾಗ ಚಪ್ಪಲಿ ತಗೊಂಡ್ನಿ."

"ಮತ್ತ ನನಗ ಕೊಟ್ಟ ರೊಕ್ಕ?" ಎಂದಳು ಕಾಶವ್ವ.

"ನಮ್ಮ ಫ್ರಿಜ್ಜಿಂದು."

"ಅದಕಽ ಮಜ್ಜಿಗಿ..." ಎಂದು ಶೆಟ್ಟೆಪ್ಪ ಬಾಯಿ ತೆರೆದವ ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ.

ಯಾರೂ ಬೈಯಲಿಲ್ಲ. ಎಳೆಯ ಹೆಂಗಸು ಬೋರಮಾಳವನ್ನು ಕೊರಳಿಗೆ ಹಾಕಿಕೊಂಡು ಸೆರಗು ಹೊದ್ದಳು. ಇನ್ನೊಬ್ಬಳು ಸೀರೆಯ ತುಂಡು ಸುತ್ತಿ ತಲೆಯ ಮೇಲೆ ಸಿಂಬಿ ಇಟ್ಟುಕೊಂಡಳು. ಮಾಧುರಿ ನೋಟುಗಳನ್ನು ಬಿಡಿಸಿ ಒಬ್ಬೊಬ್ಬರಿಗೆ ವಾಪಸು ಕೊಟ್ಟಳು. ಒಬ್ಬಳು ಮಾತ್ರ ನೋಟನ್ನು ಬೆಳಕಿಗೆ ಹಿಡಿದು ನೋಡಿ ಗಂಟು ಕಟ್ಟಿಕೊಂಡಳು.

"ಉಂಡು ಹೋಗ್ರೆವಾ" ಎಂದಳು ರುದ್ರವ್ವ. "ಹಿಟ್ಟು ನಾದೇನಿ."

"ಇರಲ್ಯಾಯಿ. ಹೊತ್ತಾತು" ಎಂದರು. ಬೆಳಗಿನ ಹತ್ತೂ ಆಗಿರಲಿಲ್ಲ.

ಕಾಶವ್ವ ಕೊನೆಗೆ ಎದ್ದಳು.

"ಒಂದ ಮಾತು ಕೇಳ್ತೀನ್ರಿ ಅಕ್ಕಾರ. ನೀರು ಬಂದಾಗ ಮೊದಲ ಏನು ಎತ್ತಿಟ್ರಿ?"

"ಟಿ.ವಿ."

"ಆಮ್ಯಾಲ?"

"ಮಿಕ್ಸರ್."

"ಆಮ್ಯಾಲ?"

ಮಾಧುರಿಯ ಕಣ್ಣು ಕಪಾಟಿನ ಕೆಳಗಿನ ಖಾನೆಯ ಕಡೆ ಹೋಯಿತು. ಕಾಶವ್ವ ಉತ್ತರ ಸಿಕ್ಕಿತೆಂಬಂತೆ ತಲೆಯಾಡಿಸಿದಳು.

"ನಂದೂ ತಪ್ಪೈತಿ. ಕೌದಿ ತಳಕ್ಕ ಇಟ್ಟಿದ್ನಿ. ಮ್ಯಾಲ ಇಟ್ಟಿದ್ರ ಅರ್ಧ ಉಳೀತಿತ್ತೋ ಏನೋ." ಸಿಂಬಿ ಸುತ್ತುತ್ತ ಹೇಳಿದಳು, "ರೊಕ್ಕ ತಿರುಗಿ ಕೊಡಾಕ ನನ್ನ ಹಂತ್ಯಾಕ ಇಲ್ಲ. ಜವಳಿ ತಂದೀನಿ."

"ಬ್ಯಾಡ ಕಾಶವ್ವ. ತಿರುಗಿ ಕೊಡ ಅಂತ ಯಾರು ಅಂದ್ರು?"

"ನೀವು ಅನ್ನಲಿಲ್ರಿ. ಕಂಪನೀದು ಅಂತ ಧೈರ್ಯದಿಂದ ಖರ್ಚು ಮಾಡಿದ್ನಿ. ನಿಮ್ದು ಅಂದಿದ್ರ ಮಾಡ್ತಿರಲಿಲ್ಲ." ಪೆಟ್ಟಿಗೆಯ ಕಡೆ ಬಾಗಿದಳು. "ಒಂದು ಕೈ ಹಚ್ರಿ."

ಮಾಧುರಿ ಒಂದು ಬದಿಗೆ ಕೈ ಹಚ್ಚಿ ಎತ್ತಿ ಅವಳ ತಲೆಯ ಮೇಲೆ ಇಟ್ಟಳು. ಗೇಟಿನಾಚೆ ಐದು ಪೆಟ್ಟಿಗೆಗಳು ಸಾಲಾಗಿ ಸ್ಟೇಷನ್ ಕಡೆ ತಿರುಗಿದವು.

ರುದ್ರವ್ವ ಅಡುಗೆಮನೆಗೆ ಹೋಗಿ ಹಂಚು ಇಟ್ಟಳು. ರೊಟ್ಟಿ ಬಡಿಯತೊಡಗಿದಳು. ಮಾಧುರಿ ಪಕ್ಕದಲ್ಲಿ ಕೂತು ಉಂಡಿ ಮಾಡಿಕೊಟ್ಟಳು, ಬೇಯಿಸಿದಳು. ಹತ್ತು, ಹದಿನೈದು, ಬುಟ್ಟಿಯಲ್ಲಿ ರೊಟ್ಟಿ ಏರುತ್ತಲೇ ಹೋಯಿತು. ಮನೆಯವರಿಗೆ ಆಗಿ ಮಿಗುವಷ್ಟಾದರೂ ರುದ್ರವ್ವನ ಕೈ ನಿಲ್ಲಲಿಲ್ಲ. ಹಿಟ್ಟು ಮುಗಿದ ಮೇಲೆ ಒಂದು ಅರಿವೆ ಹಾಸಿ ರೊಟ್ಟಿ ಸುತ್ತಿದಳು, ಡಬ್ಬಿಗೆ ಕಾಳುಪಲ್ಯ ತುಂಬಿದಳು, ಶೇಂಗಾ ಚಟ್ನಿ ಕಟ್ಟಿದಳು. ಚಪ್ಪಲಿ ಹುಡುಕಿದಳು.

"ಎಲ್ಲಿಗ್ರಿ ಅತ್ತಿ?"

"ಅಂಧೇರಿಗೆ. ನನ್ನ ಮನ್ಯಾಗ ಬಂದವರು ಉಣಲಾರದ ಹ್ವಾದ್ರು."

"ತಡೀರಿ, ನಾನೂ ಬರ್ತೀನಿ." ಮಾಧುರಿ ಕೈಯ ಹಿಟ್ಟು ಕೊಡವಿ ಎದ್ದಳು.

ರುದ್ರವ್ವ ಗಂಟನ್ನು ಕಂಕುಳಿಗೇರಿಸಿ ಸೊಸೆಯನ್ನು ನೋಡಿದಳು. ಸುಳ್ಳು ಹೊರಬಿದ್ದ ಮೇಲೆ ನೋಡಿದ್ದು ಅದೇ ಮೊದಲು.

"ಬ್ಯಾಡ" ಎಂದಳು, ಮೆಲ್ಲಗೆ. "ನೀ ಬಂದ್ರ ಅವರು ಉಣ್ಣಂಗಿಲ್ಲ."

ಶೆಟ್ಟೆಪ್ಪ ಕೊಡೆ ಹಿಡಿದು ಅವಳ ಹಿಂದೆ ಹೊರಟ. ಒಲೆಯ ಮೇಲೆ ಹಂಚು ಇನ್ನೂ ಕಾದೇ ಇತ್ತು. ಮಾಧುರಿ ಗ್ಯಾಸು ಆರಿಸಿದಳು.